‘ಮಾತು ಬಂದ ಮೇಲೆ ಕರೆದುಕೊಂಡು ಬನ್ನಿ’ ಎನ್ನುವವರಿಗೆ



ಹಿಂದಿನ ಲೇಖನದಲ್ಲಿ ನನ್ನ ಬಿ.ಎಡ್. ದಿನಗಳ ಹಾಸ್ಟೆಲ್ ಊಟದ ಪ್ರಸಂಗಗಳನ್ನು ಬರೆದಿದ್ದೆ. ಓದಿ ನಕ್ಕ ಹಲವರು ಫೋನ್ ಮಾಡಿ ತಿಳಿಸಿದಿರಿ. ಸಂತೋಷ. ಈ ಸಲ ನಗಿಸುವ ಉದ್ದೇಶ ನನಗಿಲ್ಲ. ಜಗಳ ಕಾಯುವ ಉದ್ದೇಶವಿದೆ. ಈ ಜಗಳದ ಮೊದಲ ಪ್ರತಿವಾದಿ ನಾನೇ ಆದ್ದರಿಂದ ಯಾರೂ ಬೇಸರಿಸಬೇಕಾಗಿಲ್ಲ. ಅನಂತರದ ಸರದಿ ನಿಮ್ಮಲ್ಲಿ ಕೆಲವರದು.

ವಿಷಯ ಇದು. ನನ್ನ ತಂಗಿಯ ಮೊಮ್ಮಗನಿಗೆ ಮಾತು ತಡವಾಗಿ ಬರುತ್ತಿದೆ. ಅವನ ತಂದೆತಾಯಿಯರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಹೇಳುವುದಿಲ್ಲ, ಮನೆಯಲ್ಲಿ ಎಲ್ಲರೂ ಕರೆಯುವಂತೆ ಪುಟ್ಟ ಎನ್ನುತ್ತೇನೆ. ‘ಮನೆಯ ಮಾತನ್ನು ಹತ್ತು ಜನರ ಮುಂದೆ ಯಾಕೆ ಇಡುತ್ತೀಯೆ?’ ಎಂದು ನಮ್ಮ ಹಿರಿಯರೊಬ್ಬರು ಕೇಳಿದರು. ಮಗು ಬಿದ್ದು ಕೈ ಮುರಿದುಕೊಂಡರೆ ಬೀದಿಗೆಲ್ಲ ಹೇಳುತ್ತೇವೆ, ಒಳ್ಳೆಯ ಡಾಕ್ಟರು ಯಾರೆಂದು ಸಿಕ್ಕಿದವರನ್ನೆಲ್ಲ ವಿಚಾರಿಸುತ್ತೇವೆ. ಮಾತು ತಡವಾದಾಗ ಮಾತ್ರ ಅದು ಮನೆತನದ ಮಾನದ ಪ್ರಶ್ನೆ ಏಕಾಗಬೇಕು? ಈ ಮುಚ್ಚುಮರೆಯಿಂದ ಪುಟ್ಟನ ಬಾಲ್ಯದ 11 ತಿಂಗಳು ವ್ಯರ್ಥವಾದವು. ವ್ಯರ್ಥ ಮಾಡಿದವರಲ್ಲಿ ನಾನೂ ಒಬ್ಬ.

2023ರ ಮೇ ತಿಂಗಳಿನಲ್ಲಿ ನಮ್ಮ ಬಂಧುಗಳ ಮನೆಯ ಗೃಹಪ್ರವೇಶ. ಊಟವಾದ ಮೇಲೆ ತಂಗಿ ನನ್ನನ್ನು ಹಿತ್ತಲಿಗೆ ಕರೆದು, ‘ಅಣ್ಣಾ, ಮಗೂಗೆ ಎರಡು ವರ್ಷ ನಾಲ್ಕು ತಿಂಗಳಾಯ್ತು. ಅಮ್ಮ, ಹಾಲು, ತಾ ಅನ್ನೋದು ಬಿಟ್ರೆ ಏನೂ ಇಲ್ಲ. ಎಲ್ಲಾದ್ರೂ ತೋರಿಸೋದಾ?’ ಎಂದು ಕೇಳಿದಳು. ನಾನು ಎಲೆಅಡಿಕೆ ಹಾಕಿಕೊಳ್ಳುತ್ತ, ‘ಅವರಪ್ಪ ಮಾತಾಡಿದ್ದೂ ನಾಲ್ಕಕ್ಕೇ. ಗಂಡುಮಕ್ಕಳು ನಿಧಾನ. ತಾನಾಗಿ ಬರುತ್ತೆ, ಸುಮ್ಮನಿರು’ ಎಂದೆ. ಅವಳು ಸುಮ್ಮನಾದಳು. ಅದೇ ಮಾತನ್ನು ಪಕ್ಕದ ಮನೆಯವರು ಹೇಳಿದ್ದರೆ ಅವಳು ಸುಮ್ಮನಾಗುತ್ತಿರಲಿಲ್ಲ. 34 ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದ ಅಣ್ಣ ಹೇಳಿದನೆಂದು ನಂಬಿದಳು. ವಿಭಕ್ತಿ, ಸಮಾಸ, ಛಂದಸ್ಸು ಬಲ್ಲವನಿಗೆ ಮಗುವಿಗೆ ಮಾತು ಬರುವ ಬಗೆಯೂ ತಿಳಿದಿರುತ್ತದೆಂದು ಅವಳು ಭಾವಿಸಿದಳು; ನನಗೂ ಹಾಗೆಯೇ ಅನ್ನಿಸಿತ್ತು.

‘ತಾನಾಗಿ ಬರುತ್ತದೆ’ ಎಂಬುದು ಪೂರ್ತಿ ಸುಳ್ಳಲ್ಲ. ಅದಕ್ಕೇ ಅದು ಅಪಾಯಕಾರಿ. ಎರಡು ವರ್ಷಕ್ಕೆ ಸುಮಾರು 50 ಪದಗಳೂ ಇಲ್ಲದ, ಎರಡು ಪದ ಕೂಡಿಸಿ ಹೇಳದ ಮಗುವನ್ನು ತಡವಾಗಿ ಮಾತು ಕಲಿಯುವ ಮಗು ಎಂದು ತಜ್ಞರು ಗುರುತಿಸುತ್ತಾರೆ. ಅಂತಹ ಮಕ್ಕಳಲ್ಲಿ ಅನೇಕರು ಮುಂದೆ ಓರಗೆಯವರ ಸಮಕ್ಕೆ ಬಂದುಬಿಡುತ್ತಾರೆ. ಕೆಲವರು ಬರುವುದಿಲ್ಲ. ಯಾರು ಬರುತ್ತಾರೆ, ಯಾರು ಹಿಂದುಳಿಯುತ್ತಾರೆ ಎಂಬುದನ್ನು ಎಲೆಅಡಿಕೆ ಜಗಿಯುತ್ತ ಹೇಳಲು ಬರುವುದಿಲ್ಲ. ಕೆಲವೊಮ್ಮೆ ಕಿವಿಯೇ ಮಂದವಾಗಿರುತ್ತದೆ. ಕೇಳದ ಮಗು ಮಾತಾಡುವುದೆಂತು? ಆದ್ದರಿಂದ ಮೊದಲ ಹೆಜ್ಜೆ ಶ್ರವಣ ಪರೀಕ್ಷೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದು ಇಂತಹ ಕೆಲಸಕ್ಕಾಗಿಯೇ. ನಂಜನಗೂಡಿನ ನಮ್ಮ ಮನೆಯಿಂದ ಅಲ್ಲಿಗೆ ಒಂದು ಗಂಟೆಯ ದಾರಿ. ಪುಟ್ಟನ ಮನೆಯಿಂದ ಆಟೋದಲ್ಲಿ ಹೋಗಿಬರಬಹುದು. ಆದರೂ ಹೋಗಬೇಡಿರೆಂದು ಹೇಳಿದವನು ನಾನು.

ನಮ್ಮ ಬಂಧುಗಳು ಇನ್ನೊಂದು ಮಾತು ಹೇಳುತ್ತಾರೆ: ‘ನಮ್ಮ ಕಾಲದಲ್ಲಿ ಯಾವ ಥೆರಪಿ ಇತ್ತು? ಎಲ್ಲರಿಗೂ ಮಾತು ಬರಲಿಲ್ಲವೇ?’ ಎರಡು ಉತ್ತರಗಳಿವೆ. ಮೊದಲನೆಯದು, ಎಲ್ಲರಿಗೂ ಬರಲಿಲ್ಲ. ಪ್ರತಿ ಊರಿನಲ್ಲಿಯೂ ‘ಮೂಗ’ ಎಂದೋ ‘ಪೆದ್ದ’ ಎಂದೋ ಕರೆಸಿಕೊಂಡು, ದನ ಕಾಯುತ್ತ, ಮದುವೆಮನೆಯಲ್ಲಿ ಕೊನೆಯ ಪಂಕ್ತಿಗೆ ಕುಳಿತವನೊಬ್ಬನಿದ್ದ. ನಾವು ಅವನನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ, ಅಷ್ಟೆ. ಎರಡನೆಯದು, ನಮ್ಮ ಕಾಲದಲ್ಲಿ ಬೀದಿ ಇತ್ತು. ಬೆಳಗ್ಗೆ ಅಂಗಳಕ್ಕೆ ಬಿಟ್ಟ ಮಗು ಹತ್ತು ಮಕ್ಕಳ ನಡುವೆ ಬಿದ್ದು, ಎದ್ದು, ಬೈಸಿಕೊಂಡು, ಬೈದು ಸಂಜೆಗೆ ಮನೆಗೆ ಬರುತ್ತಿತ್ತು. ಪುಟ್ಟ ಬೆಳೆದದ್ದು ಮೂರನೆಯ ಮಹಡಿಯ ಮನೆಯಲ್ಲಿ, ನಾಲ್ವರು ದೊಡ್ಡವರ ನಡುವೆ. ಎರಡೂವರೆ ವರ್ಷದವರೆಗೆ ಅವನು ಮತ್ತೊಂದು ಮಗುವಿನ ಕೈಯಿಂದ ಆಟಿಕೆ ಕಸಿದದ್ದಿಲ್ಲ, ಕಸಿಯಿಸಿಕೊಂಡದ್ದೂ ಇಲ್ಲ. ‘ನಮ್ಮ ಕಾಲ’ವನ್ನು ಹೊಗಳುವವರು ಆ ಕಾಲದ ಬೀದಿಯನ್ನೂ ಮಗುವಿಗೆ ಕೊಡಬೇಕಲ್ಲವೇ?

ಇನ್ನು ಶಾಲೆಯ ವಿಚಾರ. 2024ರ ಏಪ್ರಿಲ್‌ನಲ್ಲಿ, ಮೂರು ವರ್ಷ ಮೂರು ತಿಂಗಳ ಪುಟ್ಟನನ್ನು ಒಂದು ಖಾಸಗಿ ಶಿಶುವಿಹಾರಕ್ಕೆ ಕರೆದೊಯ್ದರು. ಹೆಸರು ಕೇಳಿದರು, ಅವನು ಹೇಳಲಿಲ್ಲ. ಬಣ್ಣ ಕೇಳಿದರು, ಹೇಳಲಿಲ್ಲ. ‘ಬೇರೆ ಪೇರೆಂಟ್ಸು ಆಕ್ಷೇಪಣೆ ಮಾಡ್ತಾರೆ. ಮಾತು ಬಂದ ಮೇಲೆ ಕರೆದುಕೊಂಡು ಬನ್ನಿ, ಸೀಟು ಇಟ್ಟಿರ್ತೀವಿ’ ಎಂದು ವಿನಯದಿಂದಲೇ ಹೇಳಿ, ಮಗುವಿನ ಕೈಗೆ ಒಂದು ಚಾಕೊಲೇಟು ಕೊಟ್ಟು ಕಳುಹಿಸಿದರು.

ಮಾತು ಬಂದ ಮೇಲೆ! ಈಜು ಬಂದ ಮೇಲೆ ಕೆರೆಗೆ ಇಳಿ ಎಂದ ಹಾಗಾಯಿತು. ಮೂರು ವರ್ಷದ ಮಗು ಶಾಲೆಗೆ ಹೋಗುವುದು ಏತಕ್ಕೆ? ಅಕ್ಷರಕ್ಕಲ್ಲ, ಅಂಕಿಗಲ್ಲ. ಓರಗೆಯ ಮಕ್ಕಳ ನಡುವೆ ಕುಳಿತು ಮಾತು, ಆಟ, ಸರದಿ ಕಾಯುವುದು, ಹಂಚಿಕೊಳ್ಳುವುದನ್ನು ಕಲಿಯುವುದಕ್ಕೆ. ಯಾವ ಮಗುವಿಗೆ ಇದರ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿದೆಯೋ ಅದನ್ನೇ ಬಾಗಿಲಿನಿಂದ ಹಿಂದೆ ಕಳುಹಿಸುವುದು ಎಲ್ಲಿಯ ಶಿಕ್ಷಣ?

ಕಾನೂನನ್ನೂ ಸ್ವಲ್ಪ ನೋಡೋಣ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 13ನೆಯ ಪ್ರಕರಣವು ದಾಖಲಾತಿಯ ಸಮಯದಲ್ಲಿ ಮಗುವನ್ನಾಗಲಿ ತಂದೆತಾಯಿಯರನ್ನಾಗಲಿ ಯಾವುದೇ ಬಗೆಯ ಪರೀಕ್ಷೆಗೆ ಒಳಪಡಿಸಿ ಆರಿಸುವುದನ್ನು ನಿಷೇಧಿಸುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೆಯ ಪ್ರಕರಣದ ಪ್ರಕಾರ, ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಗಳು ಅಂತಹ ಮಕ್ಕಳನ್ನು ತಾರತಮ್ಯವಿಲ್ಲದೆ ಸೇರಿಸಿಕೊಂಡು ಉಳಿದವರೊಂದಿಗೆ ಕಲಿಸಬೇಕು. ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ ಮಾತ್ರ, ಶಿಶುವಿಹಾರಕ್ಕಲ್ಲ ಎಂದು ವಾದಿಸುವವರಿದ್ದಾರೆ. ಮಾತು ತಡವಾದ ಪ್ರತಿ ಮಗುವೂ ಎರಡನೆಯ ಕಾಯ್ದೆಯ ಅರ್ಥದಲ್ಲಿ ವಿಕಲಚೇತನ ಅಲ್ಲ ಎಂಬುದೂ ನಿಜ. ವಕೀಲರ ವಾದಗಳು ಇರಲಿ. ಮೂರು ವರ್ಷದ ಮಗುವನ್ನು ಒಳಗೆ ಬಿಟ್ಟುಕೊಳ್ಳಲು ಒಬ್ಬ ಶಿಕ್ಷಕನಿಗೆ ಕಾಯ್ದೆಯ ಪ್ರಕರಣದ ಸಂಖ್ಯೆ ಬೇಕೆಂದರೆ ನಮ್ಮ ವೃತ್ತಿಯ ಬಗ್ಗೆ ಏನು ಹೇಳೋಣ?

ಎರಡನೆಯ ಶಾಲೆ ಅವನನ್ನು ಸೇರಿಸಿಕೊಂಡಿತು. ಮನೆಯವರೆಲ್ಲ ನಿಟ್ಟುಸಿರು ಬಿಟ್ಟರು. ಆದರೆ ಒಂದು ಕೊಠಡಿಯಲ್ಲಿ 38 ಮಕ್ಕಳು, ಒಬ್ಬ ಶಿಕ್ಷಕಿ, ಒಬ್ಬ ಆಯಾ. ಪುಟ್ಟ ನಾಲ್ಕು ತಿಂಗಳೂ ಬಾಗಿಲ ಬಳಿ ಆಯಾಳ ಪಕ್ಕದಲ್ಲಿ ಕುಳಿತಿದ್ದ. ಗಲಾಟೆ ಮಾಡುತ್ತಿರಲಿಲ್ಲವಾದ್ದರಿಂದ ‘ಒಳ್ಳೆಯ ಹುಡುಗ’ ಎಂಬ ಬಿರುದು ಬಂತು. ಮೊದಮೊದಲು ಮಕ್ಕಳು ಅವನನ್ನು ಕರೆಯುತ್ತಿದ್ದರಂತೆ. ಉತ್ತರ ಬಾರದಿದ್ದರೆ ಮಕ್ಕಳು ಎಷ್ಟು ಸಲ ಕರೆದಾರು? ಎರಡು ಸಲ, ಮೂರನೆಯ ಸಲಕ್ಕೆ ಓಡಿಹೋಗುತ್ತಾರೆ. ತಪ್ಪು ಅವರದಲ್ಲ. ‘ಮಕ್ಕಳ ಮಧ್ಯೆ ಬಿಟ್ಟರೆ ಸಾಕು, ಕಲಿತುಕೊಳ್ಳುತ್ತಾನೆ’ ಎನ್ನುವವರಿಗೂ ನನ್ನ ವಿರೋಧವಿದೆಯೆಂದು ಇಲ್ಲಿಯೇ ಹೇಳಿಬಿಡುತ್ತೇನೆ. ಗುಂಪಿನಲ್ಲಿ ಕೂರಿಸಿದ ಮಾತ್ರಕ್ಕೆ ಗುಂಪಿನವನಾಗುವುದಿಲ್ಲ.

ಆ ಶಾಲೆಯಿಂದಲೇ ಬಂದ ಸಲಹೆ ಇನ್ನೂ ದೊಡ್ಡ ಅನಾಹುತ ಮಾಡಿತು. ‘ಎರಡು ಭಾಷೆ ಕೇಳಿ ಮಗು ಗೊಂದಲಗೊಂಡಿದೆ. ಮನೆಯಲ್ಲಿ ಕನ್ನಡ ನಿಲ್ಲಿಸಿ, ಇಂಗ್ಲಿಷ್ ಮಾತ್ರ ಆಡಿ’ ಎಂದರು. ಗಾಬರಿಯಲ್ಲಿದ್ದ ತಂದೆತಾಯಿ ಹಾಗೆಯೇ ಮಾಡಿದರು. ನನ್ನ ತಂಗಿ ಏಳನೆಯ ತರಗತಿ ಓದಿದವಳು. ಅವಳಿಗೆ ಬರುವ ಇಂಗ್ಲಿಷ್ ಮೂರು ಪದ: ಕಮ್, ಸಿಟ್, ಈಟ್. ‘ಬಾರೋ ನನ್ ಬಂಗಾರ, ಎಲ್ಲೋಗಿದ್ಯೋ’ ಎಂದು ಮೊಮ್ಮಗನನ್ನು ಎತ್ತಿಕೊಳ್ಳುತ್ತಿದ್ದವಳು ‘ಕಮ್’ ಎನ್ನತೊಡಗಿದಳು. ಕೆಲವು ದಿನಗಳಲ್ಲಿ ಅದನ್ನೂ ನಿಲ್ಲಿಸಿದಳು. ಇಡೀ ದಿನ ಮಗುವಿನ ಜೊತೆ ಇರುತ್ತಿದ್ದ ಒಂದೇ ಬಾಯಿ ಹೀಗೆ ಮುಚ್ಚಿತು. ಆಟದ ಮೈದಾನದಲ್ಲಿ ಕನ್ನಡದ ಮಕ್ಕಳು ಕರೆದರೆ, ಭಾಷೆ ಕೆಟ್ಟೀತೆಂದು ಅಲ್ಲಿಂದಲೂ ಕರೆತಂದರು. ಎರಡು ಭಾಷೆ ಕೇಳುವುದರಿಂದ ಮಗುವಿಗೆ ಭಾಷೆಯ ತೊಂದರೆ ಉಂಟಾಗುವುದಿಲ್ಲವೆಂಬುದು ಇಂದು ಈ ಕ್ಷೇತ್ರದವರೆಲ್ಲ ಒಪ್ಪಿದ ಸಂಗತಿ. ಮನೆಮಾತನ್ನು ಕಿತ್ತುಕೊಂಡರೆ ಮಗುವಿಗೆ ಇಂಗ್ಲಿಷ್ ಸಿಗುವುದಿಲ್ಲ. ಅಜ್ಜಿಯೂ ನೆರೆಯ ಮಕ್ಕಳೂ ಕೈತಪ್ಪುತ್ತಾರೆ. ಇದು ಕನ್ನಡಾಭಿಮಾನದ ಭಾಷಣವಲ್ಲ. ತೆಲುಗಿನ ಮನೆಯಾಗಿದ್ದರೆ ತೆಲುಗು, ಉರ್ದುವಿನ ಮನೆಯಾಗಿದ್ದರೆ ಉರ್ದು ಎಂದು ಇದೇ ಮಾತನ್ನು ಬರೆಯುತ್ತಿದ್ದೆ.

2024ರ ಅಕ್ಟೋಬರ್‌ನಲ್ಲಿ ಕೊನೆಗೂ ಶ್ರವಣ ಪರೀಕ್ಷೆಯಾಯಿತು. ಕಿವಿ ಚೆನ್ನಾಗಿದೆ, ತಿಳಿವಳಿಕೆಯೂ ವಯಸ್ಸಿಗೆ ತಕ್ಕಂತಿದೆ, ಮಾತು ಮಾತ್ರ ಹಿಂದಿದೆ ಎಂದು ತಿಳಿಯಿತು. ವಾರಕ್ಕೆ ಎರಡು ದಿನ ವಾಕ್ ಚಿಕಿತ್ಸೆ ಶುರುವಾಯಿತು. ಆ ಚಿಕಿತ್ಸಕಿ ನನ್ನ ಮಗಳ ವಯಸ್ಸಿನವರು. ಮೊದಲ ದಿನ ಅವರು ಮಾಡಿದ ಕೆಲಸ, ಕನ್ನಡ ನಿಲ್ಲಿಸಿದ್ದನ್ನು ನಿಲ್ಲಿಸಿದ್ದು. ಕೆಲವು ತಿಂಗಳ ನಂತರ ಇನ್ನೊಂದು ಮಾತು ಹೇಳಿದರು: ‘ನನ್ನ ಹತ್ತಿರ ವಾರಕ್ಕೆ ಎರಡು ಗಂಟೆ ಇರ್ತಾನೆ. ಉಳಿದ ಹೊತ್ತು ಇವನ ಜೊತೆ ಆಡೋಕೆ ಇಬ್ಬರು ಮಕ್ಕಳನ್ನು ಹುಡುಕಿ. ಇಬ್ಬರೇ ಸಾಕು. ಆದರೆ ದಿನವೂ ಅದೇ ಇಬ್ಬರು.’

2025ರ ಬೇಸಿಗೆ ರಜೆಯಲ್ಲಿ ಪುಟ್ಟ ಅಜ್ಜಿಯ ಜೊತೆ ನಮ್ಮ ಮನೆಗೆ ಬಂದ. ನಮ್ಮ ಬೀದಿಯ ಎರಡನೆಯ ತರಗತಿಯ ಹುಡುಗಿಯೊಬ್ಬಳು, ನಾಲ್ಕೂವರೆ ವರ್ಷದ ಹುಡುಗನೊಬ್ಬ ಸಿಕ್ಕಿದರು. ದಿನವೂ ಸಂಜೆ ಐದಕ್ಕೆ ನಮ್ಮ ಜಗಲಿಯಲ್ಲಿ ಅರ್ಧ ಗಂಟೆ ಆಟ. ಆಟವೂ ದಿನವೂ ಹೆಚ್ಚುಕಡಿಮೆ ಒಂದೇ: ಒಂದು ಬಕೆಟ್ ನೀರು, ಎರಡು ಚೊಂಬು, ಒಂದೇ ಒಂದು ಲಾಳಿಕೆ. ಮೂವರಿಗೆ ಒಂದೇ ಲಾಳಿಕೆ ಕೊಟ್ಟದ್ದು ಬೇಕೆಂದೇ. ನಾನು ಆರಾಮಕುರ್ಚಿಯಲ್ಲಿ ಪತ್ರಿಕೆ ಹಿಡಿದು, ಓದುವವನಂತೆ ನಟಿಸುತ್ತ ಕುಳಿತಿರುತ್ತಿದ್ದೆ.

ಆಗ ನನಗೆ ಅರ್ಥವಾದದ್ದನ್ನು ಹೇಳುತ್ತೇನೆ. ನಮ್ಮ ಮನೆಯಲ್ಲಿ ಪುಟ್ಟ ಬಿಸ್ಕತ್ತಿನ ಡಬ್ಬದ ಕಡೆ ಕಣ್ಣು ಹೊರಳಿಸಿದರೆ ಸಾಕು, ನಾಲ್ಕು ಕೈಗಳು ಡಬ್ಬಕ್ಕೆ ಹೋಗುತ್ತಿದ್ದವು. ಅವನು ಬಾಯಿ ತೆರೆಯುವ ಮೊದಲೇ ನಾವು ಅರ್ಥಮಾಡಿಕೊಳ್ಳುತ್ತಿದ್ದೆವು. ಪ್ರೀತಿಯಿಂದಲೇ ಮಾಡುತ್ತಿದ್ದ ಈ ಕೆಲಸ ಅವನಿಗೆ ಮಾತಿನ ಅಗತ್ಯವನ್ನೇ ಉಳಿಸುತ್ತಿರಲಿಲ್ಲ. ನಾಲ್ಕೂವರೆ ವರ್ಷದ ಹುಡುಗನಿಗೆ ಅಂತಹ ಕರುಣೆ ಇಲ್ಲ. ಲಾಳಿಕೆ ಅವನ ಕೈಯಲ್ಲಿದೆ, ಕೇಳದೆ ಕೊಡುವುದಿಲ್ಲ. ಪುಟ್ಟ ಕಣ್ಣು ಹೊರಳಿಸಿದ, ಕೈ ಚಾಚಿದ, ಅತ್ತ. ಹುಡುಗ ಕೊಡಲಿಲ್ಲ.

ಆದರೆ ಮಕ್ಕಳಿಗೂ ಕಲಿಸಬೇಕಾಯಿತು. ಹುಡುಗಿ ಜಾಣೆ, ಮೊದಲ ವಾರವೆಲ್ಲ ಅವಳೇ ಪುಟ್ಟನ ಬಾಯಿಯಾದಳು: ‘ತಾತಾ, ಇವನಿಗೆ ನೀರು ಬೇಕಂತೆ. ಇವನಿಗೆ ಸಾಕಂತೆ.’ ಅವಳಿಗೆ ನಾವು ಹೇಳಿಕೊಟ್ಟದ್ದು ಮೂರು ಸಂಗತಿ. ಅವನ ಎದುರಿಗೆ ಕುಳಿತುಕೊಂಡು ಮುಖ ನೋಡು. ಒಂದು ಸಲ ಸಣ್ಣದಾಗಿ ಹೇಳು. ಆಮೇಲೆ ಮನಸ್ಸಿನಲ್ಲಿ ಐದರವರೆಗೆ ಎಣಿಸಿ ಕಾಯಿ. ಕಾಯುವುದು ಅವಳಿಗೆ ಬಹಳ ಕಷ್ಟವಾಯಿತು. ಸಾವಿರಾರು ಮಕ್ಕಳಿಗೆ ಪ್ರಶ್ನೆ ಕೇಳಿದ ನನಗೂ ಸೇವೆಯಲ್ಲಿದ್ದಾಗ ಅದು ಬಂದಿರಲಿಲ್ಲ.

ಹನ್ನೊಂದನೆಯ ದಿನ ಪುಟ್ಟ ಲಾಳಿಕೆಯನ್ನು ಹಿಡಿದೆಳೆದು ‘ನಂದು’ ಎಂದ. ಆ ಹುಡುಗ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಮಾತನ್ನೇ, ಅದೇ ರಾಗದಲ್ಲಿ. ಮೂರು ವಾರಗಳ ನಂತರ ‘ನಂದು ಕೊಡು’ ಎಂದ. ಎರಡು ಪದಗಳನ್ನು ತಾನಾಗಿ ಕೂಡಿಸಿ ಅವನು ಆಡಿದ ಮೊದಲ ಮಾತು ಅದು, ಅದೂ ಜಗಳದ ಮಾತು. ತಂಗಿ ಅಡುಗೆಮನೆಯಿಂದ ಓಡಿಬಂದು ಅತ್ತಳು. 34 ವರ್ಷ ವಿಭಕ್ತಿ ಪ್ರತ್ಯಯಗಳನ್ನು ಕಂಠಪಾಠ ಮಾಡಿಸಿದ ನನಗೆ ಷಷ್ಠೀ ವಿಭಕ್ತಿಯ ಬೆಲೆ ತಿಳಿದದ್ದು ಅಂದು ಸಂಜೆ. ‘ನನ್ನದು’ ಎನ್ನಲು ಎದುರಿಗೆ ‘ನನ್ನದು’ ಎನ್ನುವ ಮತ್ತೊಬ್ಬನಿರಬೇಕು. ಎಲ್ಲವನ್ನೂ ಕೊಟ್ಟುಬಿಡುವ ತಾತ, ಅಜ್ಜಿಯರಿಂದ ಆ ಪದವನ್ನು ಕಲಿಯಲಾಗುವುದಿಲ್ಲ.

ಇದು ನಮ್ಮ ಜಗಲಿಯಲ್ಲಿ ಮಾತ್ರ ನಡೆದ ಪವಾಡವೆಂದು ತಿಳಿಯಬೇಡಿ. ಅಮೆರಿಕದಲ್ಲಿ 1990ರ ದಶಕದಲ್ಲಿಯೇ ಹೋವರ್ಡ್ ಗೋಲ್ಡ್‌ಸ್ಟೀನ್ ಮತ್ತು ಅವರ ಸಂಗಡಿಗರು ಶಿಶುವಿಹಾರದ ಮಕ್ಕಳಿಗೆ ‘ಜೊತೆಗಿರು, ಜೊತೆಗೆ ಆಡು, ಮಾತಾಡು’ ಎಂಬ ಮೂರು ಸೂತ್ರಗಳನ್ನು ಕಲಿಸಿ, ಭಾಷೆ ಹಿಂದುಳಿದ ಮಕ್ಕಳಿಗೆ ಜೊತೆಗಾರರನ್ನಾಗಿ ಮಾಡಿದರು. ಲಾರಾ ಜಸ್ಟಿಸ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 600ಕ್ಕೂ ಹೆಚ್ಚು ಪುಟ್ಟ ಮಕ್ಕಳನ್ನು ಒಂದು ಶಾಲಾ ವರ್ಷ ಗಮನಿಸಿದರು. ತರಗತಿಯ ಓರಗೆಯವರ ಭಾಷೆಯ ಮಟ್ಟ ಎಲ್ಲ ಮಕ್ಕಳ ಮೇಲೂ ಪ್ರಭಾವ ಬೀರುತ್ತದೆ, ತೊಂದರೆಯಿರುವ ಮಕ್ಕಳ ಮೇಲೆ ಆ ಪ್ರಭಾವ ಇನ್ನೂ ಹೆಚ್ಚು ಎಂದು ಕಂಡುಕೊಂಡರು. ಎಂದರೆ ಅಂತಹ ಮಕ್ಕಳನ್ನೆಲ್ಲ ಬೇರೆ ಕೊಠಡಿಗೆ ಹಾಕಿದರೆ ಅವರಿಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗವಾಗುವುದನ್ನೇ ಕಿತ್ತುಕೊಂಡ ಹಾಗಾಯಿತು.

ಇನ್ನೂ ಆಶ್ಚರ್ಯದ ಕಥೆ ಮಧ್ಯ ಅಮೆರಿಕದ ನಿಕರಾಗುವಾ ದೇಶದ್ದು. 1970ರ ದಶಕದ ಕೊನೆಯವರೆಗೆ ಅಲ್ಲಿ ಕಿವುಡ ಮಕ್ಕಳು ತಂತಮ್ಮ ಮನೆಗಳಲ್ಲಿ ಒಂಟಿಯಾಗಿದ್ದರು. ಮನೆಯವರೊಡನೆ ಕೆಲವು ಕೈಸನ್ನೆ ಬಿಟ್ಟರೆ ಭಾಷೆಯೇ ಇರಲಿಲ್ಲ. ರಾಜಧಾನಿ ಮನಾಗುವಾದಲ್ಲಿ 1977ರಲ್ಲಿ ಮತ್ತು 1980ರಲ್ಲಿ ತೆರೆದ ಶಾಲೆಗಳು ಅವರನ್ನು ಒಂದೆಡೆ ಸೇರಿಸಿದವು. ಶಿಕ್ಷಕರು ತುಟಿ ನೋಡಿ ಸ್ಪ್ಯಾನಿಷ್ ಕಲಿಯಿರೆಂದು ಹೆಣಗಿದರು, ಅದು ಅಷ್ಟಾಗಿ ಫಲಿಸಲಿಲ್ಲ. ಇತ್ತ ಆಟದ ಮೈದಾನದಲ್ಲಿ, ಶಾಲೆಯ ಬಸ್ಸಿನಲ್ಲಿ ಮಕ್ಕಳು ತಮ್ಮ ಮನೆಸನ್ನೆಗಳನ್ನು ಬೆರೆಸಿ ತಾವೇ ಒಂದು ಭಾಷೆ ಕಟ್ಟಿದರು. ಅನಂತರ ಸೇರಿದ ಎಳೆಯ ಮಕ್ಕಳು ಅದಕ್ಕೆ ವ್ಯಾಕರಣದ ಸೂಕ್ಷ್ಮಗಳನ್ನು ಸೇರಿಸಿದರು. 1986ರಲ್ಲಿ ಅಲ್ಲಿಗೆ ಹೋದ ಭಾಷಾವಿಜ್ಞಾನಿ ಜೂಡಿ ಕೆಗಲ್ ಅದನ್ನು ಜಗತ್ತಿಗೆ ತಿಳಿಸಿದರು. ಪುಟ್ಟನ ತೊಂದರೆ ಬೇರೆ, ಆ ಮಕ್ಕಳ ಪರಿಸ್ಥಿತಿ ಬೇರೆ. ಆದರೂ ಮಕ್ಕಳನ್ನು ಒಂದೆಡೆ ಸೇರಿಸುವುದರಲ್ಲಿ ಎಷ್ಟು ಶಕ್ತಿ ಇದೆಯೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ತಿಳಿದಿಲ್ಲ.

ದೂರದ ಮಾತೇಕೆ? ನಮ್ಮ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಚಿಗುರಿದ ‘ನಲಿ ಕಲಿ’ಯನ್ನು ನೋಡಿ. ಒಂದೇ ಕೊಠಡಿಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಗುಂಪುಗುಂಪಾಗಿ ನೆಲದ ಮೇಲೆ ಕುಳಿತು ಕಲಿಯುತ್ತಾರೆ. ಶಿಕ್ಷಕರ ನೆರವಿನಿಂದ ಕಲಿಯುವ ಗುಂಪಿನಂತೆಯೇ ಗೆಳೆಯರ ನೆರವಿನಿಂದ ಕಲಿಯುವ ಗುಂಪೂ ಅಲ್ಲಿದೆ. ಮಗು ಮಗುವಿಗೆ ಕಲಿಸುತ್ತದೆಂಬುದನ್ನು ಪಾಠದ ಕ್ರಮದಲ್ಲಿಯೇ ಒಪ್ಪಿಕೊಂಡ ರಾಜ್ಯ ನಮ್ಮದು. ರಷ್ಯದ ವೈಗೋಟ್‌ಸ್ಕಿ ತನ್ನ 1934ರ ಮರಣಕ್ಕೆ ಮುಂಚೆಯೇ ಹೇಳಿದ್ದೂ ಇದನ್ನೇ: ಮಗು ಇಂದು ಒಂಟಿಯಾಗಿ ಮಾಡಲಾರದ್ದನ್ನು ದೊಡ್ಡವರ ಮಾರ್ಗದರ್ಶನದಲ್ಲಿಯೋ, ಹೆಚ್ಚು ಬಲ್ಲ ಓರಗೆಯವರ ಜೊತೆಗೂಡಿಯೋ ಮಾಡಬಲ್ಲದು. ನಾವು ಶಿಕ್ಷಕರು ‘ದೊಡ್ಡವರ ಮಾರ್ಗದರ್ಶನ’ ಎಂಬ ಅರ್ಧವನ್ನು ನೆನಪಿಟ್ಟೆವು. ಅದು ನಮ್ಮ ಕುರ್ಚಿಗೆ ಅನುಕೂಲವಾಗಿತ್ತು. ಇನ್ನರ್ಧವನ್ನು ಮರೆತೆವು.

‘ಮಾತು ಬಾರದ ಮಗುವಿನ ಜೊತೆ ಸೇರಿ ನಮ್ಮ ಮಗುವಿನ ಮಾತೂ ಕೆಟ್ಟರೆ?’ ಎಂದು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ನನ್ನನ್ನೇ ಕೇಳಿದಳು. ಮಾತಿನ ತೊಂದರೆ ನೆಗಡಿಯಲ್ಲ ತಾಯಿ, ಅಂಟುವುದಿಲ್ಲ. ನಮ್ಮ ಜಗಲಿಯ ಹುಡುಗಿಯನ್ನು ನೋಡು. ಎರಡು ತಿಂಗಳಲ್ಲಿ ಅವಳು ಎದುರಿನವರ ಮುಖ ನೋಡಿ ಮಾತಾಡುವುದನ್ನೂ, ಉತ್ತರಕ್ಕೆ ಕಾಯುವುದನ್ನೂ ಕಲಿತಳು. ‘ಈಗ ಮನೆಯಲ್ಲಿ ತಮ್ಮನ ಜೊತೆ ಜಗಳ ಕಡಿಮೆ ಮೇಷ್ಟ್ರೇ’ ಎಂದು ಅವಳ ತಾಯಿಯೇ ಬಂದು ಹೇಳಿದರು.

ಇಷ್ಟನ್ನೂ ಬರೆಯುವಾಗ ನನ್ನನ್ನು ಕಾಡುತ್ತಿರುವುದು ಪುಟ್ಟನೊಬ್ಬನೇ ಅಲ್ಲ. 1994ರ ಎಂಟನೆಯ ತರಗತಿಯ ನನ್ನ ಶಿಷ್ಯರಿಗೆ ನೆನಪಿರಬಹುದು. ಕೊನೆಯ ಬೆಂಚಿನಲ್ಲಿ ಕಿಟಕಿಯ ಪಕ್ಕ ಒಬ್ಬ ಹುಡುಗ ಕೂರುತ್ತಿದ್ದ. ಮಾತು ಅಸ್ಪಷ್ಟ, ವಾಕ್ಯ ಅರ್ಧಕ್ಕೆ ನಿಲ್ಲುತ್ತಿತ್ತು. ಮೊದಲ ವಾರ ಅವನು ಗಟ್ಟಿಯಾಗಿ ಓದಿದಾಗ ನೀವು ನಕ್ಕಿರಿ. ನಾನು ನಿಮ್ಮನ್ನು ಗದರಿಸಿದೆ. ಮತ್ತೆ ಅವನಿಗೆ ಅವಮಾನವಾಗದಿರಲೆಂದು ಮೂರು ವರ್ಷ ಅವನನ್ನು ಎಬ್ಬಿಸಿ ಓದಿಸಲಿಲ್ಲ, ಪ್ರಶ್ನೆ ಕೇಳಲಿಲ್ಲ, ಗುಂಪು ಚಟುವಟಿಕೆಯಲ್ಲಿ ‘ನೀನು ಬರೆದುಕೊಡು ಸಾಕು’ ಎಂದೆ. ಅದನ್ನು ದಯೆ ಎಂದುಕೊಂಡಿದ್ದೆ. ನಿವೃತ್ತಿಯಾದ ಮೇಲೆ ಒಮ್ಮೆ ಬಸ್ ನಿಲ್ದಾಣದಲ್ಲಿ ಅವನು ಸಿಕ್ಕಿದ, ಕಾಲಿಗೆ ನಮಸ್ಕರಿಸಿದ. ನಿಧಾನವಾಗಿ, ಪದ ಪದ ಜೋಡಿಸಿ ಹೇಳಿದ: ‘ಸಾರ್, ನೀವು ನನ್ನ ಕೈಲಿ ಒಂದು ದಿನಾನೂ ಓದಿಸಲಿಲ್ಲ.’ ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅವನ ಬಸ್ಸು ಬಂತು, ಹೊರಟುಹೋದ. ನನಗೆ ಉತ್ತರ ಕೊಡುವುದಕ್ಕಾಗಲಿಲ್ಲ. ಪುಟ್ಟನನ್ನು ಆಯಾಳ ಪಕ್ಕ ಕೂರಿಸಿದ ಆ ಶಿಕ್ಷಕಿಯ ಮೇಲೆ ಕೋಪ ಬಂದಾಗಲೆಲ್ಲ ಈ ಮಾತು ನೆನಪಾಗುತ್ತದೆ. 38 ಮಕ್ಕಳ ನಡುವೆ ಅವಳು ಮಾಡಿದ್ದನ್ನು ನಾನು ಅವಳಿಗಿಂತ ಮೊದಲೇ, ಮೂರು ವರ್ಷಗಳ ಕಾಲ ಮಾಡಿದ್ದೆ.

ಆದ್ದರಿಂದ ನಿಮ್ಮಲ್ಲಿ ಕೇಳಿಕೊಳ್ಳುವುದಿಷ್ಟು. ನನ್ನ ಶಿಷ್ಯರಲ್ಲಿ ಇಬ್ಬರು ಶಿಶುವಿಹಾರ ನಡೆಸುತ್ತಿದ್ದೀರಿ, ಹಲವರು ಶಿಕ್ಷಕರಾಗಿದ್ದೀರಿ. ಮಾತು ಬಾರದ ಮಗು ಬಾಗಿಲಿಗೆ ಬಂದರೆ ಒಳಗೆ ಕರೆಯಿರಿ. ಕರೆದ ಮೇಲೆ ಮೂಲೆಯಲ್ಲಿ ಕೂರಿಸಬೇಡಿ. ಇಬ್ಬರು ಮಕ್ಕಳನ್ನು ಜೊತೆಮಾಡಿ, ಅವರಿಗೆ ಕಾಯುವುದನ್ನು ಕಲಿಸಿ, ದಿನವೂ ಹದಿನೈದು ನಿಮಿಷ ಒಂದೇ ಆಟ ಆಡಿಸಿ. ಇದಕ್ಕೆ ಅನುದಾನ ಬೇಡ, ಹೊಸ ಕೊಠಡಿ ಬೇಡ. ತರಗತಿಯಲ್ಲಿ ಮಕ್ಕಳು ಹೆಚ್ಚಿದ್ದರೆ ಕಷ್ಟ, ಬಲ್ಲೆ. ಕಷ್ಟವೆಂದು ಹೇಳಿ, ನೆರವು ಕೇಳಿ. ಮಗುವನ್ನು ಹಿಂದೆ ಕಳುಹಿಸಬೇಡಿ.

ಎಳೆಯ ಮಕ್ಕಳ ತಂದೆತಾಯಿಯರು ಎರಡು ವರ್ಷಕ್ಕೆ ಮಾತು ಕಾಣದಿದ್ದರೆ ನನ್ನಂತಹ ಹಿರಿಯರನ್ನು ಕೇಳಬೇಡಿ, ಕಿವಿ ಪರೀಕ್ಷೆ ಮಾಡಿಸಿ. ಮೈಸೂರು ದೂರವಾದರೆ, 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗಳಿಗೆ ಬರುತ್ತದೆ. ಬೆಳವಣಿಗೆಯ ವಿಳಂಬವನ್ನು ಗುರುತಿಸುವುದು ಅವರ ಕೆಲಸಗಳಲ್ಲೊಂದು. ಅಂಗನವಾಡಿ ಕಾರ್ಯಕರ್ತೆಯನ್ನು ವಿಚಾರಿಸಿ. ಅಂಗನವಾಡಿಯೆಂದರೆ ಮೂಗು ಮುರಿಯುವವರಿಗೂ ಒಂದು ಮಾತು: ಇಪ್ಪತ್ತು ಮಕ್ಕಳು ಒಟ್ಟಿಗೆ ಕುಳಿತು ಉಂಡು, ಮನೆಮಾತಿನಲ್ಲಿಯೇ ಆಡಿಕೊಳ್ಳುವ ಆ ಜಾಗ, ಮಾತು ತಡವಾದ ಮಗುವಿಗೆ ಎಷ್ಟೋ ಇಂಗ್ಲಿಷ್ ನರ್ಸರಿಗಳಿಗಿಂತ ಮೇಲು. ಚಿಕಿತ್ಸೆ ಬೇಕಾದರೆ ಚಿಕಿತ್ಸೆ ಕೊಡಿಸಿ. ಓರಗೆಯ ಮಕ್ಕಳು ಅದಕ್ಕೆ ಬದಲಿಯಲ್ಲ, ಅದರ ಜೊತೆಗೆ ಬೇಕಾದವರು.

ಅಜ್ಜ, ಅಜ್ಜಿಯರು, ಎಂದರೆ ನನ್ನ ವಯಸ್ಸಿನವರು, ನಿಮ್ಮ ಜಗಲಿಯ ಗೇಟನ್ನು ಸಂಜೆ ಅರ್ಧ ಗಂಟೆ ತೆಗೆದಿಡಿ. ಒಂದಿಷ್ಟು ನೀರು ಚೆಲ್ಲುತ್ತದೆ, ನೆಲ ಒರೆಸಬೇಕಾಗುತ್ತದೆ.

ಪುಟ್ಟನ ಈಗಿನ ಸ್ಥಿತಿ ಕೇಳುವವರಿಗೆ: ಎಲ್ಲವೂ ಸರಿಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಮೂರು ಪದಗಳ ವಾಕ್ಯ ಆಡುತ್ತಾನೆ. ಹೊಸಬರಿಗೆ ಅವನ ಮಾತು ಅರ್ಧ ತಿಳಿಯುವುದಿಲ್ಲ. ಚಿಕಿತ್ಸೆ ಮುಂದುವರಿದಿದೆ. 2025ರ ಜೂನ್‌ನಿಂದ ಅವನು 16 ಮಕ್ಕಳಿರುವ ಒಂದು ಚಿಕ್ಕ ಶಿಶುವಿಹಾರಕ್ಕೆ ಹೋಗುತ್ತಿದ್ದಾನೆ. ಅಲ್ಲಿಯ ಶಿಕ್ಷಕಿ ಅವನಿಗೆ ಇಬ್ಬರು ಜೊತೆಗಾರರನ್ನು ಗೊತ್ತುಮಾಡಿದ್ದಾರೆ. ಕಳೆದ ವಾರ ಫೋನಿನಲ್ಲಿ ಅಜ್ಜಿಗೆ ‘ನೀನು ಬಾ, ಆಟ’ ಎಂದನಂತೆ. ತಂಗಿ ಅದನ್ನು ಹೇಳುವಾಗ ನನ್ನನ್ನು ಒಂದು ಮಾತೂ ಆಕ್ಷೇಪಿಸಲಿಲ್ಲ. ಆ ಗೃಹಪ್ರವೇಶದ ಹಿತ್ತಲಿನ ಮಾತನ್ನು ಅವಳು ಇದುವರೆಗೆ ಎತ್ತಿಲ್ಲ. ಅದಕ್ಕಾಗಿ ನಾನೇ ಎತ್ತಿ ಇಲ್ಲಿ ಬರೆದಿದ್ದೇನೆ.

1994ರ ತರಗತಿಯವರಲ್ಲಿ ಯಾರಿಗಾದರೂ ಆ ಕಿಟಕಿಯ ಪಕ್ಕದ ಹುಡುಗನ ಫೋನ್ ನಂಬರು ಗೊತ್ತಿದ್ದರೆ ನನಗೆ ತಿಳಿಸಿ. ಅವನಿಗೆ ಒಂದು ಉತ್ತರ ಹೇಳಬೇಕಾಗಿದೆ.

ನಿಮ್ಮ ಮೇಷ್ಟ್ರು